ಡೆಡ್‌ಸ್ಟಾಕ್ ರಜಿಸ್ಟರ್, ಪುಟ ನಲವತ್ತೊಂದು

ಗಂಟಿ, ಕಂಚಿಂದು, ಒಂದು.
ಸುತ್ತಿಗಿ, ಕಬ್ಬಿಣದ್ದು, ಒಂದು. ಷರಾ: ಕಳವು.
ಕೆಂಪು ಶಾಯಿಲೆ ಮೂರು ಸಲ ಬರದೇನಿ ಹಿಂಗ,
ಮೂರೂ ಸಲ ಕೆಳಗ, ಕರೇ ಶಾಯಿಲೆ: ಸಿಕ್ಕಿತು.

ಗದಗಿನ ಕಾಲೇಜಿನಾಗ ಮೂವತ್ತೆಂಟು ವರ್ಷ
ತಾಸಿಗೊಮ್ಮೆ ಗಂಟಿ ಹೊಡದಾಂವ ನಾನು, ಫಕ್ಕೀರಪ್ಪ.
ಚಳವಳಿ ಅಂದ್ರ ನಿಮಗ ಘೋಷಣಾ, ಬ್ಯಾನರು.
ನನಗ, ಖಾಲಿ ಕೈ.

ಎಪ್ಪತ್ಮೂರರಾಗ ಫೀ ಏರಿತು, ಹನ್ನೊಂದು ರೂಪಾಯಿ.
ಬೆಟಗೇರಿಯ ಹಬೀಬರ ತಿಪ್ಪಣ್ಣ,
ಬೆರಳಸಂದ್ಯಾಗ ಸೀರಿಬಣ್ಣ ಇನ್ನೂ ಹಸಿ,
"ಗಂಟಿ ಆಗದಿದ್ರ ಕ್ಲಾಸು ಹೆಂಗ ಸುರು ಆಗತೈತಿ, ಕಾಕಾ?" ಅಂದ.
ಮರುದಿನ ಸುತ್ತಿಗಿ ಇಲ್ಲ.
"ಕಲ್ಲು ತಗೊಂಡು ಹೊಡಿಯೋ" ಅಂದ್ರು ಪ್ರಿನ್ಸಿಪಾಲರು.
ಕಲ್ಲು ಹುಡಕಾಕ ಹೋದಾಂವ
ಸಂಜೀತನಕ ಹುಡಿಕೇ ಹುಡಿಕಿದೆ.
ಗದಗಿನಾಗ ಕಲ್ಲಿಗೆ ಬರಾ ನೋಡ್ರಿ.

ಎರಡನೇದು ಮಾಸ್ತರಗೋಳದು.
ಸಹಿ ಏಳುನೂರಕ್ಕ, ಕೈಗೆ ನಾಕುನೂರು.
ಬಾಟನಿಯ ಇಂದುಮತಿ ಕುಷ್ಟಗಿ ಬಾಯಾರು
ಪೆನ್ನಿನ ಟೊಪಗಿ ಹಾಕಿ, ಸಹಿ ಮಾಡದಽ ಎದ್ದುಬಂದ್ರು.
ಪೊಲೀಸರು ಬಂದು ಲ್ಯಾಬು ಜಾಲಾಡಿದ್ರು.
ಒಣಗಿದ ಎಲಿಗಳ ಕಪಾಟಿನಾಗ, ಹಳೇ ಪೇಪರಿನೊಳಗ
ಸುತ್ತಿಗಿ ಮಲಗಿತ್ತು, ಮ್ಯಾಲೆ ಅವರ ಅಕ್ಷರದ ಚೀಟಿ:
ಸಂಗ್ರಹ: ಕಪ್ಪತಗುಡ್ಡ. ಜಾತಿ: ತಿಳಿದಿಲ್ಲ.
ಫೌಜದಾರಗ ಎಲಿ ಅಂದ್ರ ಎಲಿ. ಮುಟ್ಟಲಿಲ್ಲ.

ಹುಡುಗರು ಇಪ್ಪತ್ತು ದಿವಸ ಗೇಟಿಗೆ ಕುಂತ್ರು.
ಪಗಾರ ಪೂರಾ ಬಂತು ಎಲ್ಲಾರಿಗೂ,
ಬಾಯಾರ ಒಬ್ಬರ ಹೆಸರು ಬಿಟ್ಟು.
ಸುತ್ತಿಗಿ: ಸಿಕ್ಕಿತು, ಅಂತ ಬರದೆ.
ಯಾರು ಹೋದ್ರು ಅನ್ನಾಕ
ಆ ರಜಿಸ್ಟರಿನಾಗ ಕಾಲಂ ಇರಲಿಲ್ಲ.

ತೊಂಬತ್ನಾಕು. ಆರುನೂರು ಹುಡಿಗ್ಯಾರಿಗೆ
ಒಂದು ಸಂಡಾಸ ಬೇಕಾಗಿತ್ತು, ಅಷ್ಟಽ.
ನನ್ನ ಮಗಳೂ ಅಲ್ಲೇ, ಬಿ.ಎ. ಎರಡನೇ ವರ್ಷ,
ಮುಂಜಾನಿಂದ ನೀರು ಕುಡೀತಿದ್ದಿಲ್ಲ.
ಆ ಸಲ ಕದ್ದಾಂವ ಯಾರಂತ ಕೇಳಬ್ಯಾಡ್ರಿ.

ಮೊನ್ನೆ ಮೊಮ್ಮಗಳ ಟಿ.ಸಿ. ತರಾಕ ಹೋಗಿದ್ದೆ.
ಈಗ ಕರೆಂಟಿನ ಗಂಟಿ, ತಾನಽ ಒದರತೈತಿ.
ಬೇವಿನ ಗಿಡದ ಕೆಳಗ, ತಾಡಪಾಲಿನ ಮ್ಯಾಲೆ
ಅತಿಥಿ ಉಪನ್ಯಾಸಕರು ಕುಂತಾರ,
ಎಂಟು ತಿಂಗಳಾತಂತ ರೊಕ್ಕಾ ಕಂಡು.
ಗಂಟಿ ಆತು.
ಒಬ್ಬಾಕಿ, ಚಾಕ್‌ಪೀಸಿನ ಕೈ,
ರೂಢಿಲೆ ಅರ್ಧಾ ಎದ್ದಳು,
ಸುತ್ತಲೂ ನೋಡಿ ಮತ್ತ ಕುಂತಳು.

ನಾ ಒಳಗ ಹೋಗಿ
ಮೇನ್ ಸ್ವಿಚ್ಚಿನ ಪೆಟ್ಟಿಗಿ ಎಲ್ಲಿ ಹಾಕ್ಯಾರ ಅಂತ
ನೋಡಿಬಂದೆ, ಸುಮ್ನ.
ಕೀಲಿ ಇಲ್ಲ ಅದಕ್ಕ.