ಬಾಯಿಗೂಡಿದ ವಯಸ್ಸು

ಸಂತೆಯಲ್ಲಿ ನಮ್ಮಪ್ಪ ಎತ್ತಿನ ತುಟಿ ಸರಿಸಿ
ಎರಡಲ್ಲು, ನಾಲ್ಕಲ್ಲು, ಬಾಯಿಗೂಡಿದೆ ಅನ್ನುತ್ತಿದ್ದ;
ಟವಲಿನಡಿ ಬೆರಳು ಬೆಲೆ ಮಾತಾಡುತ್ತಿದ್ದವು.

ಈ ದಿನ ಕ್ರಾಯ್ಡನ್ನಿನ ನನ್ನ ಕುರ್ಚಿಯಲ್ಲಿ ಮುಜಮ್ಮಿಲ್.
ದಾರ್ಫುರ್‌ನಲ್ಲಿ ಊರು ಸುಟ್ಟಿತು, ಕಾಗದವೂ.
ಹದಿನೈದು ಅನ್ನುತ್ತಾನೆ. ಕಚೇರಿ ನಂಬುವುದಿಲ್ಲ.
ಹದಿನೆಂಟೆಂದರೆ ಶಾಲೆಯಿಲ್ಲ,
ಗಂಡಸರ ಹೋಟೆಲಿನಲ್ಲೊಂದು ಮಂಚ.

‘ಆ’ ಅನ್ನು, ಮಗು.
ದೀಪ ಬಗ್ಗಿಸುತ್ತೇನೆ.
ಬುದ್ಧಿಹಲ್ಲು ವಸಡಿನಲ್ಲಿ ಅರ್ಧ ಬಂದು ನಿಂತಿದೆ,
ಹೊರಗೆ ಯಾರಿದ್ದಾರೋ ಎಂದು
ಬಾಗಿಲ ಸಂದಿಯಲ್ಲಿ ಇಣುಕಿದ ಹಾಗೆ.
ಮುಂದಿನದೊಂದು ಮುರಿದಿದೆ.
ಮುರಿದವರು ಯಾರು ಎಂಬ ಕಾಲಂ ಇಲ್ಲ.

‘ಹಲ್ಲು ವಯಸ್ಸು ಹೇಳದು’ ಎಂದು ಬರೆದೆ.
ಸಹಿ ಹಾಕುವಾಗ ಬೆರಳು ಟವಲು ಹುಡುಕಿತು.

ಹೊರಡುವಾಗ ಅವನು
ಚಿಕ್ಕಮಕ್ಕಳ ಡಬ್ಬಿಗೆ ಕೈಹಾಕಿ
ಡೈನೋಸಾರ್ ಸ್ಟಿಕರ್ ತೆಗೆದ.
ಅಂಟಿಸಿಕೊಳ್ಳಲಿಲ್ಲ.
ಜೇಬಿಗಿಳಿಸಿ ನನ್ನ ಮುಖ ನೋಡಿದ,
ಇದನ್ನೂ ಬರೆದುಕೊಳ್ಳುತ್ತಾರೇನೋ ಎಂಬಂತೆ.