ಏಣಿಯ ಬಾಬತ್ತು

ಭಾನುವಾರ ರಾತ್ರಿಯ ಗಾಳಿ
ಹಿತ್ತಲ ಕಡೆಯ ಚಿಮಣಿಯಿಂದ ಆಂಟೆನಾ ಕಿತ್ತು
ಕಸದ ಡಬ್ಬಿಗಳ ಪಕ್ಕ ಮಲಗಿಸಿ ಹೋಯಿತು,
ತಿಂದು ಬಿಟ್ಟ ಮೀನಿನ ಮುಳ್ಳಿನ ಹಾಗೆ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ;
ಗಾಳಿಗೆ ಅಷ್ಟೂ ಬೇಕಾಗಲಿಲ್ಲ.

ಸೋಮವಾರ ಗೆಥಿನ್ ಪ್ರೋಬರ್ಟ್ ಬಂದ.
ಬೀದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ
ಮಾಡು ನೋಡಿದ, ಗುಡ್ಡ ನೋಡಿದ,
ಮತ್ತೆ ಗುಡ್ಡವನ್ನೇ ನೋಡಿದ.
ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಲಕೋಟೆಯ ಬೆನ್ನಿಗೆ ಬರೆದ:
ಪಟ್ಟಿ, ತಂತಿ, ಕೊಕ್ಕೆ – ಇಪ್ಪತ್ತೆರಡು.
ಹನ್ನೆರಡಡಿ ಕಂಬ – ಹದಿನೆಂಟು.
ಆಂಟೆನಾ – ಮೂವತ್ತೈದು. ಕೇಬಲ್ಲು – ಇಪ್ಪತ್ತೇಳು.
ಕೂಲಿ – ನೂರ ಮೂವತ್ತೆಂಟು.
ಒಟ್ಟು ಇನ್ನೂರ ನಲವತ್ತು ಪೌಂಡು.
"ಅವಸರವಿಲ್ಲ, ಯೋಚಿಸಿ" ಅಂದು ವ್ಯಾನು ಹತ್ತಿದ.

ಯೋಚಿಸಿದೆ.
ಎರಡು ತಾಸಿನ ಕೆಲಸವಂತೆ, ಗಾಳಿ ಬಿಟ್ಟರೆ.
ಅಂದರೆ ತಾಸಿಗೆ ಅರವತ್ತೊಂಬತ್ತು.
ಬೆನ್ನ ಹಿಂದೆ ಐವತ್ತು ಜೀವ ಕೂರಿಸಿಕೊಂಡು
ಈ ಕಣಿವೆಯ ಮೇಲೆ ಕೆಳಗೆ ಬಸ್ಸು ಓಡಿಸುವ ನನಗೆ
ಹದಿಮೂರೂವರೆ.

ಭಾವ ಎಮ್ಲಿನ್ ಫೋನಿನಲ್ಲೇ ಗುಡುಗಿದ: "ಹಗಲುದರೋಡೆ, ನೆರಿಸ್!
ಆ ತಂತಿ ಅಂಗಡಿಯಲ್ಲಿ ಮೀಟರಿಗೆ ನಲವತ್ತು ಪೆನ್ಸು."
ಮಂಡಿ ನೋವು ಶುರುವಾದಾಗಿನಿಂದ
ಲೋಕದ ಎಲ್ಲ ಬೆಲೆಯೂ ಅವನಿಗೆ ಕುರ್ಚಿಯಿಂದಲೇ ಗೊತ್ತು.
ಶ್ರೀಮತಿ ಬೆವನ್ ಕೊಟ್ಟದ್ದು ನೂರ ತೊಂಬತ್ತು,
ಆರು ವರ್ಷದ ಹಿಂದೆ, ಗೋಪುರ ಎದುರಿಗೇ ಕಾಣುವ ಮನೆಗೆ.
ನಮಗೋ ಗುಡ್ಡ ಬೆನ್ನು ತಿರುಗಿಸಿ ನಿಂತಿದೆ;
ಅದರ ಹೆಗಲ ಮೇಲಿಂದ ಇಣುಕಬೇಕು, ಚಿತ್ರ ಬೇಕೆಂದರೆ.
ಇನ್ನೊಬ್ಬ ತೊಂಬತ್ತಕ್ಕೆ ಬರುತ್ತೇನೆಂದ.
ಮನೆಗೆ ಎಷ್ಟು ಅಂತಸ್ತು ಎಂದು ಕೇಳಲಿಲ್ಲ,
ರಸೀದಿ ಎಂದೆ. ಫೋನ್ ಇಟ್ಟ.

ಬುಧವಾರ ರಜೆ.
ಶ್ರೀಮತಿ ಬೆವನ್‌ರ ಏಣಿ ಎರವಲು ತಂದೆ.
ಹತ್ತಿ ನೋಡದೆ ಕೂಲಿಯ ಮಾತಾಡಬಾರದಲ್ಲ?
ನಾಲ್ಕನೇ ಮೆಟ್ಟಿಲ ತನಕ ನಾನು ನಾನೇ.
ಒಂಬತ್ತರಲ್ಲಿ ಮೊಣಕಾಲು ತಾನಾಗಿ ಮಾತಾಡತೊಡಗಿತು.
ದೋಣಿಯಲ್ಲಿ ಹುಲ್ಲು, ಯಾರದೋ ಟೆನಿಸ್ ಚೆಂಡು,
ಒದ್ದೆ ಸ್ಲೇಟುಗಳ ಕಪ್ಪು ಜಾರುಬಂಡೆ,
ಚಿಮಣಿ ಮಾತ್ರ ಕೆಳಗಿದ್ದಾಗ ಎಷ್ಟು ದೂರವೋ ಅಷ್ಟೇ ದೂರ.
ಒಂದು ಕೈ ಏಣಿಗೆ. ಇನ್ನೊಂದು ಕೈಯೂ ಏಣಿಗೇ.
ಸ್ಪ್ಯಾನರ್ ಹಿಡಿಯುವ ಕೈ ಯಾವುದು?

ಬೀದಿಯಿಂದ ಕಾಣದ್ದೊಂದು ಅಲ್ಲಿಂದ ಕಂಡಿತು:
ಹಳೆಯ ಕಂಬ. ನೆಟ್ಟಗೆ ನಿಂತಿತ್ತು,
ಏನೂ ಆಗಿಲ್ಲವೆಂಬಂತೆ.

ಮರುದಿನ ಮೊದಲ ಟ್ರಿಪ್ಪಿನಲ್ಲಿ ಒಬ್ಬ ಹುಡುಗ
ಚಿಲ್ಲರೆಯನ್ನು ತಟ್ಟೆಗೆ ಎಸೆದು ಗೊಣಗಿದ:
"ಎರಡು ಸ್ಟಾಪಿಗೆ ಎರಡು ಪೌಂಡಾ?"
ಹತ್ತೊಂಬತ್ತು ವರ್ಷದಿಂದ ಹೇಳುತ್ತಿರುವುದನ್ನೇ ಹೇಳಿದೆ:
"ಏರು ಸೇರಿದೆ, ಮಗಾ."
ಹೇಳಿದ ಮಾತು ಗೇರು ಬದಲಿಸುವಾಗಲೂ
ಬಾಯಲ್ಲೇ ಇತ್ತು, ಪೆಪ್ಪರಮಿಂಟಿನ ಹಾಗೆ.

ಡಿಪೋದಿಂದ ಗೆಥಿನ್‌ಗೆ ಫೋನು ಮಾಡಿದೆ.
ತಂತಿಯ ಒಳಗೆ ತಾಮ್ರವೋ, ತಾಮ್ರದ ಬಣ್ಣವೋ?
"ತಾಮ್ರ."
ವರ್ಷದೊಳಗೆ ಮತ್ತೆ ಬಿದ್ದರೆ?
"ನನ್ನ ಖರ್ಚು. ಬರೆದು ಕೊಡುತ್ತೇನೆ."
ಹಳೇ ಕಂಬ ಗಟ್ಟಿಯಿದೆಯಲ್ಲ?
ಸ್ವಲ್ಪ ಹೊತ್ತು ವ್ಯಾನಿನ ಇಂಜಿನ್ನಿನ ಸದ್ದು.
"ಕೆಳಗಿಂದ ಕಾಣಲಿಲ್ಲ. ಹಾಗಾದರೆ ಹದಿನೆಂಟು ತೆಗೆಯಿರಿ."
ಕೂಲಿಯ ಮಾತು ನಾನು ಎತ್ತಲಿಲ್ಲ.

ಶನಿವಾರ ಅವನು ಮಾಡಿನ ಮೇಲೆ, ಸಿಳ್ಳೆ ಹಾಕುತ್ತ.
ಒಳಗೆ ಚೌಕಚೌಕವಾಗಿ ಚೂರಾಗಿದ್ದ ಮುಖವೊಂದು
ತಡವರಿಸಿ ಕೂಡಿಕೊಂಡು
ನಾಳೆಯೂ ಗಾಳಿ ಎಂದಿತು.
"ಬಂತಾ?" ಮೇಲಿಂದ ಕೂಗು.
"ಬಂತು!"

ಇನ್ನೂರ ಇಪ್ಪತ್ತೆರಡು. ಎಣಿಸಿ ಕೊಟ್ಟೆ, ರಸೀದಿ ಪಡೆದೆ.
ನೂರ ಮೂವತ್ತೆಂಟರ ಲೆಕ್ಕ ಕೂತಿದೆ,
ಒಂಬತ್ತನೇ ಮೆಟ್ಟಿಲಲ್ಲೇ ಕೂತಿತ್ತು.
ಆ ಹದಿನೆಂಟರದ್ದು ಮಾತ್ರ ಇನ್ನೂ ಇಲ್ಲ:
ನಿಜಕ್ಕೂ ಕಾಣಲಿಲ್ಲವೋ,
ಕೇಳಿದ ಮೇಲೆ ಕಂಡಿತೋ.

ಚಹಾದ ಜೊತೆ ಎರಡು ಬಿಸ್ಕತ್ತು ಇಟ್ಟೆ.
ಮೂರು ಇಡಬಹುದಿತ್ತು.