ಶಾಲಿನಡಿ

ಬುರಾವೊದ ಒಂಟೆ ಸಂತೆ. ಬಿಸಿಲಿನ್ನೂ ಎಳಸು.
ಅಪ್ಪನ ಕೈ, ದಲ್ಲಾಳಿ ಇಲ್ಮಿಯ ಕೈ
ಒಂದೇ ಶಾಲಿನಡಿ.

ಬಾಯಿ ಮಾತ್ರ ಬೇರೇನೋ ಆಡುತ್ತದೆ:
ಬಾವಿಯ ನೀರು ಉಪ್ಪಾದದ್ದು,
ಯಾರದೋ ಮಗುವಿಗೆ ಹಲ್ಲು ಬಂದದ್ದು.
ಶಾಲು, ಕುಕ್ಕೆಯಡಿಯ ಕೋಳಿಯಂತೆ
ಮಿಸುಕುತ್ತದೆ.

ಬೆರಳು ಹಿಡಿದರೆ ನೂರು, ಮುಷ್ಟಿ ಹಿಡಿದರೆ ಐನೂರು.
ಅಷ್ಟು ನನಗೂ ಗೊತ್ತು.
ಅಪ್ಪನ ತುಂಡು ಕಿರುಬೆರಳಿಗೆ ಎಷ್ಟೋ,
ಇಲ್ಮಿಯೇ ಬಲ್ಲ.

ಶಾಲು ಸುಮ್ಮನಾಯಿತು.
ಹಗ್ಗ ಕೈ ಬದಲಾಗುವಾಗ ಒಂಟೆ
ನನ್ನ ಕಿವಿ ಮೂಸಿತು.

ವಾಪಸು ದಾರಿಯಲ್ಲಿ ಅಪ್ಪ
ಅದೇ ಶಾಲಿನಡಿ ನನ್ನ ಕೈ ಎಳೆದುಕೊಂಡ.
ಒಂದು ಬೆರಳು ಅದುಮಿದ. ಆಮೇಲೆ ಎರಡು.
ಆಮೇಲೆ ಇಡೀ ಅಂಗೈ.
ಎಣಿಸಿದೆ, ಲೆಕ್ಕ ಹತ್ತಲಿಲ್ಲ.
ಎಷ್ಟಕ್ಕೆ ಹೋಯಿತೆಂದು ಅವ್ವ ಕೇಳಿದಾಗಲೂ
ಬಿಟ್ಟಿರಲಿಲ್ಲ.